ಇರ್ಮಾ ಆಂಟಿಯ ಬಳ್ಳಿ, ನನ್ನ ಅಕ್ಟೋಬರ್ ಚಾಟ್ನಿ

ಇರ್ಮಾ ಆಂಟಿ ತೀರಿಕೊಂಡು ನಾಲ್ಕು ವರ್ಷವಾಯಿತು. ಆಕೆಯ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಚರ್ಚಿನಲ್ಲಿದ್ದಾರೆ, ಆಕೆ ಇಪ್ಪತ್ತಾರು ವರ್ಷ ಅಡುಗೆ ಮಾಡಿದ ಶಾಲೆಯಲ್ಲಿದ್ದಾರೆ, ಡೆಟ್ರಾಯಿಟ್ ಹತ್ತಿರ ಹೆತ್ತ ಮಗನೇ ಇದ್ದಾನೆ. ಆದರೆ ಆಕೆಯ ಬಳ್ಳಿಯನ್ನು ಕೊಂದವಳು ನಾನು. ಬೇರೆ ಯಾರು ಬರೆದರೂ ಅದೊಂದು ಮಾತು ಬಿಟ್ಟುಹೋಗುತ್ತದೆ.

ನನ್ನ ಹೆಸರು ನೀಲಾಂಬಿಕಾ. ಶಿಕಾಗೋ ಹತ್ತಿರದ ಅರೋರಾದಲ್ಲಿ, ಫಾಕ್ಸ್ ನದಿಯಿಂದ ಒಂದೂವರೆ ಮೈಲಿ ದೂರದ ಹಳೆಯ ಬೀದಿಯಲ್ಲಿ ನಮ್ಮ ಮನೆ. ನಮ್ಮ ಯಜಮಾನರು ರಾಜಶೇಖರ್ ನೇಪರ್‌ವಿಲ್‌ನಲ್ಲಿ ಎಂಜಿನಿಯರ್. ಅವರ ಆಫೀಸಿನವರೆಲ್ಲ ಹೊಸ ಸಬ್‌ಡಿವಿಷನ್‌ಗಳಲ್ಲಿ ಮೂರು ಗ್ಯಾರೇಜಿನ ಮನೆ ಹಿಡಿಯುತ್ತಿದ್ದಾಗ ನಾನು ಈ ಹಳೆಯ ಮನೆಯೇ ಬೇಕೆಂದು ಹಟ ಹಿಡಿದೆ. ಕಾರಣ, ಪಕ್ಕದ ಮನೆಯ ಗ್ಯಾರೇಜಿನ ಹಿಂಗೋಡೆಗೆ ಹಬ್ಬಿದ್ದ ದ್ರಾಕ್ಷಿ ಬಳ್ಳಿ. ನಾನು ವಿಜಾಪುರ ಜಿಲ್ಲೆ ತಿಕೋಟಾ ಕಡೆಯವಳು, ದ್ರಾಕ್ಷಿ ಚಪ್ಪರದ ಕೆಳಗೆ ಅಂಬೆಗಾಲಿಟ್ಟವಳು. ಬಳ್ಳಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಮನೆಗೆ ಬಂದ ಮೊದಲ ವಾರವೇ ಬೇಲಿಯ ಮೇಲಿಂದ ಬಗ್ಗಿ ಅದರ ಎಲೆ ತಿರುವಿ ನೋಡುತ್ತಿದ್ದೆ. ಎತ್ತರದ, ಕೆಂಪು ಮುಖದ ಮುದುಕಿಯೊಬ್ಬಳು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದಳು. ಆಕೆಯದು ಜರ್ಮನ್ ಇಂಗ್ಲಿಷ್, ನನ್ನದು ವಿಜಾಪುರದ ಇಂಗ್ಲಿಷ್. ಹನ್ನೆರಡು ವರ್ಷ ಅದರಲ್ಲೇ ಜಗಳ, ಅದರಲ್ಲೇ ಸ್ನೇಹ. ಆದರೆ ನನ್ನ ನೆನಪಿನಲ್ಲಿ ಆಕೆ ನಮ್ಮೂರ ಕನ್ನಡದಲ್ಲೇ ಮಾತಾಡುತ್ತಾಳೆ. ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಏನ್ ನೋಡಾಕತ್ತಿ?" ಎಂದಳು.

"ಬೂದಿ ರೋಗ ಬಂದದ್ರಿ ಆಂಟಿ. ಗಂಧಕದ ಪುಡಿ ಹೊಡೀರಿ."

"ನನ್ನ ಬಳ್ಳಿಗೆ ಹೆಸರಿಡಾಕ ನೀ ಯಾರ?"

ಮುಖ ಕೆಂಪಾಯಿತು ನನಗೆ. ಇವಳ ಸಹವಾಸವೇ ಬೇಡವೆಂದು ಒಳಗೆ ಬಂದೆ. ಮರುದಿನ ಬೆಳಿಗ್ಗೆ ನೋಡಿದರೆ ಬಳ್ಳಿಯ ಮೈಮೇಲೆಲ್ಲ ಹಳದಿ ಗಂಧಕ! ಸಂಜೆಗೆ ಒಂದು ತಟ್ಟೆ ಪ್ಲಮ್ ಕೇಕ್ ನಮ್ಮ ಬಾಗಿಲಿಗೆ ಬಂತು. ನಾನು ತಟ್ಟೆ ಖಾಲಿ ಕಳಿಸುವವಳಲ್ಲ, ಎರಡು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಲೇ ತಿಂದು ಮುಗಿಸಿದಳಂತೆ.

ಆಕೆಯ ಊರು ಕೆಲ್ಟರಾಖ್. ಜರ್ಮನಿಯಲ್ಲಿ ಮೋಸೆಲ್ ನದಿಯ ದಂಡೆಗೆ ಒಂದು ಚರ್ಚು, ಒಂದು ಬೇಕರಿ, ನಾನೂರು ಜನ. ನದಿಗೂ ಗುಡ್ಡಕ್ಕೂ ನಡುವೆ ಒಂದೇ ಬೀದಿ. ಯಾವ ವರ್ಷ ನದಿ ಎಲ್ಲಿಯ ತನಕ ಏರಿತ್ತೆಂದು ಪ್ರತಿ ಮನೆಯ ಗೋಡೆಗೆ ಗೆರೆ ಕೊರೆದಿಡುತ್ತಿದ್ದರಂತೆ. ಇರ್ಮಾಳ ಮನೆಯಲ್ಲಿ ಅಂಥದೊಂದು ಗೆರೆ ಅಡುಗೆಮನೆಯ ಕಿಟಕಿಗಿಂತ ಮೇಲಿತ್ತು. ಗುಡ್ಡವೋ ಆಡು ಕೂಡ ಯೋಚಿಸಿ ಹತ್ತುವಷ್ಟು ಕಡಿದು. ಅದರ ಮೈತುಂಬ ಕರಿ ಹಂಚಿನಂಥ ಕಲ್ಲು, ಕಲ್ಲಿನ ಸಂದಿಯಲ್ಲಿ ದ್ರಾಕ್ಷಿ. ಮಳೆ ಹೊಡೆದಾಗಲೆಲ್ಲ ಕಲ್ಲು ಜಾರಿ ಬೀದಿಗೆ ಬರುತ್ತಿತ್ತು. ಮಳೆ ನಿಂತ ಮೇಲೆ ಹೆಂಗಸರು, ಹುಡುಗಿಯರು ಅದೇ ಕಲ್ಲನ್ನು ಬುಟ್ಟಿಯಲ್ಲಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ಮತ್ತೆ ಮೇಲೆ ಹೊರುತ್ತಿದ್ದರು. ಹಗಲ ಬಿಸಿಲು ಕುಡಿದ ಕಲ್ಲು ಬಳ್ಳಿಯ ಬುಡವನ್ನು ಬೆಚ್ಚಗಿಡುತ್ತದೆ, ಅದನ್ನು ಬೀದಿಯಲ್ಲಿ ಬಿಟ್ಟರೆ ಹಣ್ಣಿಗೆ ಸಿಹಿ ಬರುವುದಿಲ್ಲ. ಇರ್ಮಾ ಆರು ವರ್ಷದವಳಿದ್ದಾಗ ಅಪ್ಪ ಯುದ್ಧಕ್ಕೆ ಹೋದವನು ಬರಲಿಲ್ಲ. ಆಮೇಲೆ ಆ ಬುಟ್ಟಿ ಅವಳ ಬೆನ್ನಿಗೆ ಬಂತು.

ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ಊರವರು ಗುಡ್ಡವನ್ನೇ ಮುಚ್ಚುತ್ತಿದ್ದರು. ತನ್ನ ತೋಟಕ್ಕೆ ತಾನೇ ಕಾಲಿಡುವಂತಿಲ್ಲ. ಚರ್ಚಿನ ಗಂಟೆ ಹೊಡೆದ ದಿನ ಎಲ್ಲರೂ ಒಟ್ಟಿಗೇ ಹತ್ತಬೇಕು. ಒಂದು ಸಲ ಹಸಿವು ತಾಳದೆ ಎಂಟು ವರ್ಷದ ಇರ್ಮಾ ಕಳ್ಳತನದಿಂದ ಹತ್ತಿ ತಮ್ಮದೇ ತೋಟದ ಎರಡು ಗೊನೆ ಕಿತ್ತಳು, ಕಾವಲುಗಾರನ ಕೈಗೆ ಸಿಕ್ಕಿಬಿದ್ದಳು. ಭಾನುವಾರ ಚರ್ಚಿನಲ್ಲಿ ತಪ್ಪಿತಸ್ಥರ ಹೆಸರು ಓದಿದರು. ಓದಿದ್ದು ಇರ್ಮಾಳ ಹೆಸರಲ್ಲ, ಅವಳ ಅವ್ವನದು.

"ಹಿಂಗ್ಯಾಕ್ರಿ? ಕದ್ದಾಕಿ ನೀವಲ್ಲ?" ಎಂದೆ ನಾನು.

"ಕೈ ಯಾರದರ ಇರ್ಲಿ, ಬಳ್ಳಿ ಯಾರದೋ ಜವಾಬು ಅವರ ಕೊಡಬೇಕು. ನಮ್ಮೂರಾಗ ಹಂಗ," ಎಂದಳು. ಅವ್ವ ತಲೆ ಬಗ್ಗಿಸಿ ನಿಂತದ್ದನ್ನು ಹೇಳುವಾಗ ಎಂಬತ್ತರ ಆ ಮುದುಕಿ ತಾನೂ ತಲೆ ಬಗ್ಗಿಸಿದಳು.

ಇಪ್ಪತ್ತೊಂದನೆಯ ವಯಸ್ಸಿಗೆ ಅಲ್ಲಿ ಹತ್ತಿರದ ವಾಯುನೆಲೆಯಲ್ಲಿದ್ದ ರೇ ಎಂಬ ಅಮೆರಿಕನ್ ಸೈನಿಕನನ್ನು ಮದುವೆಯಾಗಿ ಅವನ ಊರಾದ ಅರೋರಾಕ್ಕೆ ಬಂದಳು. ಅವನು ರೈಲ್ವೆ ವರ್ಕ್‌ಶಾಪಿಗೆ ಸೇರಿದ, ಇವಳು ಶಾಲೆಯ ಅಡುಗೆಮನೆಗೆ. ಕರ್ಟ್ ಒಬ್ಬನೇ ಮಗ. ಹನ್ನೆರಡು ವರ್ಷ ಊರ ಮುಖ ನೋಡಲಿಲ್ಲ. ಅವ್ವ ಸತ್ತಾಗ ಹೋದವಳು ಬರುವಾಗ ಅಪ್ಪನ ತೋಟದ ಬಳ್ಳಿಯ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೂಟಿನೊಳಗೆ ಅಡಗಿಸಿ ತಂದಳು. ಸಣ್ಣ ಕಾಳಿನ, ಹುಳಿಮಿಶ್ರ ಬಿಳಿ ದ್ರಾಕ್ಷಿ. ಊರಲ್ಲಿ ಅದಕ್ಕೆ 'ಸಣ್ಣಾಕಿ' ಎಂಬರ್ಥದ ಹೆಸರಿತ್ತು. ಇಲ್ಲಿಯ ಮಣ್ಣಿಗೆ ಅದರ ಬೇರು ಬಾಳದೆಂದು ಯಾರೋ ಹೇಳಿದರಂತೆ. ಫಾಕ್ಸ್ ನದಿಯ ದಂಡೆಯಿಂದ ಕಾಡುದ್ರಾಕ್ಷಿಯ ಬುಡವೊಂದನ್ನು ಅಗೆದು ತಂದು, ಅದರ ಮೇಲೆ ಸಣ್ಣಾಕಿಯನ್ನು ಕಸಿ ಕಟ್ಟಿದಳು. ಅದಾಗಿ ನಾಲ್ಕು ವರ್ಷಕ್ಕೆ ಕೆಲ್ಟರಾಖ್‌ನಲ್ಲಿ ಸರಕಾರದವರು ಯಂತ್ರ ತಂದು ಗುಡ್ಡದ ಹಳೆಯ ಒಡ್ಡುಗಳನ್ನೆಲ್ಲ ಕಿತ್ತು, ಟ್ರ್ಯಾಕ್ಟರ್ ಓಡುವಂತೆ ಮಾಡಿ, ಹೊಸ ತಳಿ ನೆಟ್ಟರು. ಸಣ್ಣಾಕಿ ಅಲ್ಲಿ ಹೆಸರಿಲ್ಲದೆ ಹೋಯಿತು, ಇರ್ಮಾಳ ಗ್ಯಾರೇಜಿನ ಹಿಂದೆ ಉಳಿಯಿತು.

ಉಳಿಸಿಕೊಳ್ಳುವುದೇನು ಸುಲಭವೆ? ಇಲ್ಲಿಯ ಚಳಿಗೆ ಆ ಬಳ್ಳಿ ತಡೆಯದು. ಪ್ರತಿ ನವೆಂಬರ್, ಹನ್ನೊಂದನೆಯ ತಾರೀಖಿನ ಸಂತ ಮಾರ್ಟಿನನ ಹಬ್ಬದೊಳಗೆ ಆಕೆ ಅದನ್ನು 'ಮಲಗಿಸುತ್ತಿದ್ದಳು'. ಬುಡದ ಪಕ್ಕ ಉದ್ದಕ್ಕೆ ಒಂದು ತಗ್ಗು ತೋಡಿ, ಆ ವರ್ಷ ಬೆಳೆದ ಹತ್ತಡಿ ಉದ್ದದ ಎಳೆ ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸಿ ತಗ್ಗಿಗಿಳಿಸಿ, ಮೇಲೆ ಮಣ್ಣು, ಒಣಹುಲ್ಲು, ಹಲಗೆ. ಏಪ್ರಿಲ್‌ನಲ್ಲಿ ಎಬ್ಬಿಸಿ, ಆಮೇಲೆ ಕತ್ತರಿಸಿ, ಗೋಡೆಗೆ ಕಟ್ಟುವುದು. ಎಂಟು ವರ್ಷ ನಾನೂ ಕೈಜೋಡಿಸಿದ್ದೇನೆ. ಬಗ್ಗಿಸುವಾಗ ಆಕೆ ಕಡ್ಡಿಯೊಡನೆ ಜರ್ಮನ್‌ನಲ್ಲಿ ಏನೋ ಗೊಣಗುತ್ತಿದ್ದಳು. ಏನೆಂದು ಕೇಳಿದರೆ, "ಅದಕ್ಕ ಹೇಳಿದ್ದು, ನಿನಗಲ್ಲ," ಎನ್ನುತ್ತಿದ್ದಳು.

ನನ್ನದು ಒಂದೇ ತಕರಾರು. ನಮ್ಮ ಕಡೆ ಬಳ್ಳಿ ಕತ್ತರಿಸುವುದಕ್ಕೆ ಚಾಟ್ನಿ ಎನ್ನುತ್ತಾರೆ. ವರ್ಷಕ್ಕೆರಡು ಸಲ, ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಹಣ್ಣು ಕೊಡುವುದು ಅಕ್ಟೋಬರ್ ಚಾಟ್ನಿ. ನಮ್ಮಪ್ಪ ಗುರುಸಿದ್ದಪ್ಪನ ಕತ್ತರಿ ಆಡಿದ ತೋಟಕ್ಕೆ ಸುತ್ತಲ ಹತ್ತೂರಿನವರು ಬಂದು ನೋಡಿ ಹೋಗುತ್ತಿದ್ದರು. ಅಕ್ಟೋಬರ್ ಬಂತೆಂದರೆ ನನಗೆ ಇವತ್ತಿಗೂ ಕೈ ತುರಿಸುತ್ತದೆ. "ಅಕ್ಟೋಬರ್‌ದಾಗ ಒಂದ್ಸಲ ನನ್ನ ಕೈಗೆ ಕೊಟ್ಟ ನೋಡ್ರಿ ಆಂಟಿ, ಹಣ್ಣ ಹೆಂಗ್ ಹಿಡೀತದ!" ಎಂದು ವರ್ಷವರ್ಷವೂ ಪೀಡಿಸುತ್ತಿದ್ದೆ. "ನಿಮ್ಮೂರಾಗ ಸೂರ್ಯ ಇರ್ತಾನ ನೀಲಾ, ಇಲ್ಲಿ ಇರೋದಿಲ್ಲ," ಎಂದು ನಕ್ಕು ಕತ್ತರಿ ಒಳಗಿಡುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಹಣ್ಣು ಹಿಂಡಿ ಹನ್ನೆರಡು ಬಾಟಲಿ ವೈನ್ ಮಾಡುವಳು. ನಮ್ಮ ಮನೆಗೆ ಹುಳಿ ಬರುವ ಮುಂಚಿನ ಸಿಹಿ ರಸ. ನಾವು ಲಿಂಗ ಕಟ್ಟಿದವರು ವೈನ್ ಮುಟ್ಟುವುದಿಲ್ಲವೆಂದು ಹೇಳಿದ್ದೆ. ಯಜಮಾನರು ಹುಲ್ಲು ಕತ್ತರಿಸಿಕೊಡುವ ನೆಪದಲ್ಲಿ ಆಚೆ ಹೋಗಿ ಎಷ್ಟು ಮುಟ್ಟಿದ್ದಾರೋ ಆ ಶಿವನೇ ಬಲ್ಲ.

2018ರ ಆಗಸ್ಟ್‌ನಲ್ಲಿ ಕೆಲ್ಟರಾಖ್‌ನಿಂದ ಕಾಗದ ಬಂತು. ಇರ್ಮಾ ಆಂಟಿ ಬೇಲಿ ಹತ್ತಿರ ಬಂದು "ನೀಲಾ! ನೀಲಾ!" ಎಂದು ಕೂಗಿದ ರೀತಿಗೆ ಏನೋ ಅನಾಹುತವಾಯಿತೆಂದು ಹಿಟ್ಟಿನ ಕೈಯಲ್ಲೇ ಓಡಿದೆ. ಆಕೆ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಊರವರು ಸೇರಿ ಗುಡ್ಡದ ಒಂದು ಹಳೆಯ ಒಡ್ಡನ್ನು ಕಲ್ಲುಕಲ್ಲಾಗಿ ಮತ್ತೆ ಕಟ್ಟಿದ್ದರು. ಅದು ಇರ್ಮಾಳ ಅಪ್ಪನ ಒಡ್ಡು. ಅಲ್ಲಿ ಸಣ್ಣಾಕಿಯನ್ನೇ ನೆಡಬೇಕು, ಆದರೆ ಜರ್ಮನಿಯಲ್ಲೆಲ್ಲೂ ಒಂದು ಕಡ್ಡಿ ಉಳಿದಿಲ್ಲ. ಇರ್ಮಾ ಅಮೆರಿಕಕ್ಕೆ ಒಯ್ದಿದ್ದಳೆಂದು ಒಬ್ಬ ಮುದುಕನಿಗೆ ನೆನಪಿತ್ತು. ಪರವಾನಗಿಯ ಕೆಲಸವೆಲ್ಲ ಅಲ್ಲಿಯ ದ್ರಾಕ್ಷಿ ಸಂಶೋಧನೆಯವರೇ ಮಾಡುತ್ತಾರೆ. ಫೆಬ್ರವರಿಯಲ್ಲಿ, ಬಳ್ಳಿ ನಿದ್ದೆಯಲ್ಲಿರುವಾಗ, ಜೀವವಿರುವ ಎಂಟು ಕಡ್ಡಿ ಕತ್ತರಿಸಿ ಕಳಿಸಬಹುದೆ ಎಂದು ಕೇಳಿದ್ದರು.

"ಅರವತ್ತು ವರ್ಷಾತು ನೀಲಾ. ಯಾರೂ ನನ್ನ ನೆನಸಿರಲಿಕ್ಕಿಲ್ಲ ಅಂತ ಮಾಡಿದ್ದೆ. ನಾ ಅಂತೂ ಇನ್ನ ಹೋಗೂದಿಲ್ಲ. ಅಪ್ಪನ ಒಡ್ಡಿಗೆ ಇದರ ಹೋಗ್ಲಿ. ಆಮ್ಯಾಲ ನನಗೇನೂ ಬ್ಯಾಡ," ಎಂದಳು. ನನಗೂ ಅಳು ಬಂತು. ಬೇಲಿಯ ಈಚೆ ಆಚೆ ನಿಂತು ಇಬ್ಬರೂ ಅತ್ತೆವು.

ಸೆಪ್ಟೆಂಬರ್ ಕೊನೆಗೆ ಆಕೆ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್, ಆಮೇಲೆ ನಡೆಯಲು ಕಲಿಸುವ ರೀಹ್ಯಾಬ್ ಕೇಂದ್ರ, ಆಮೇಲೆ ಡೆಟ್ರಾಯಿಟ್ ಹತ್ತಿರದ ಲಿವೋನಿಯಾಕ್ಕೆ, ಮಗನ ಮನೆಗೆ. ಕರ್ಟ್ ಬಂದು ಕರೆದೊಯ್ಯುವಾಗ ಆಕೆ ಒಂದೇ ಷರತ್ತು ಹಾಕಿದಳಂತೆ, ಫೆಬ್ರವರಿ ಮೊದಲ ವಾರ ತನ್ನನ್ನು ಮನೆಗೆ ತಂದು ಬಿಡಬೇಕು. ನನ್ನ ಕೈ ಹಿಡಿದು, "ಬಳ್ಳಿ ನಿನ್ನ ಮ್ಯಾಲ," ಎಂದಳು.

ನನ್ನ ಮೇಲೆ! ಉಬ್ಬಿಹೋದೆ ನಾನು.

ಅಕ್ಟೋಬರ್ ಎರಡನೆಯ ವಾರ. ಹಿತ್ತಿಲಲ್ಲಿ ಒಳ್ಳೆಯ ಬಿಸಿಲು. ಎಲೆ ಇನ್ನೂ ಹಸಿರಿತ್ತು. ಬಳ್ಳಿ ಆ ವರ್ಷ ಅಡ್ಡಾದಿಡ್ಡಿ ಬೆಳೆದು ಗ್ಯಾರೇಜಿನ ಮಾಡಿನ ಮೇಲೇರಿತ್ತು. ಇಷ್ಟನ್ನೆಲ್ಲ ನಾನೊಬ್ಬಳೇ ಹೇಗೆ ಮಲಗಿಸಲಿ? ಹಗುರ ಮಾಡಿದರೆ ಮುಚ್ಚುವುದು ಸುಲಭ. ಫೆಬ್ರವರಿಗೆ ಎಂಟೇ ಕಡ್ಡಿ ಸಾಕು, ಚೆನ್ನಾಗಿ ಬಲಿತವನ್ನು ಬಿಟ್ಟು ಉಳಿದದ್ದು ತೆಗೆದರೆ ಅವಕ್ಕೇ ಶಕ್ತಿ ಹೋಗುತ್ತದೆ. ಹೀಗೆಲ್ಲ ಕಾರಣ ಕೊಟ್ಟುಕೊಂಡೆ. ನಿಜ ಹೇಳುತ್ತೇನೆ, ಅದೆಲ್ಲ ನೆಪ. ಹನ್ನೊಂದು ವರ್ಷ ಕೈಗೆ ಸಿಗದ ಬಳ್ಳಿ ಸಿಕ್ಕಿತ್ತು, ತಡೆಯಲು ಮುದುಕಿ ಇರಲಿಲ್ಲ.

"ಏ, ಆಂಟಿನ್ನ ಕೇಳೀಯೇನ?" ಎಂದರು ಯಜಮಾನರು, ಕಾಫಿ ಹಿಡಿದು ಬಾಗಿಲಲ್ಲಿ ನಿಂತು.

"ದ್ರಾಕ್ಷಿ ವಿಷಯದಾಗ ನನಗ ಬುದ್ಧಿ ಹೇಳಬ್ಯಾಡ್ರಿ. ನೀವು ನಿಮ್ಮ ಕಂಪ್ಯೂಟರ್ ನೋಡ್ಕೋರಿ."

ಅಪ್ಪ ಕತ್ತರಿಸುತ್ತಿದ್ದ ಹಾಗೆಯೇ ಕತ್ತರಿಸಿದೆ. ದಪ್ಪ ಬೊಡ್ಡೆಯ ಮೇಲೆ ನಾಲ್ಕು ತೋಳು ಬಿಟ್ಟು, ಒಂದೊಂದು ತೋಳಿಗೆ ಎರಡು ಕಡ್ಡಿ, ಕಡ್ಡಿಗೆ ಚಿಗುರೊಡೆಯುವ ಆರು ಕಣ್ಣು. ಉಳಿದ ಹತ್ತಡಿ, ಹನ್ನೆರಡಡಿಯ ಎಳೆ ಕಡ್ಡಿಗಳೆಲ್ಲ ತುಂಡಾಗಿ ಕಾಗದದ ಚೀಲಗಳಿಗೆ ಹೋದವು. ಶುಕ್ರವಾರ ನಗರದ ಕಸದ ಲಾರಿ ಒಯ್ದಿತು. ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ. "ಅಪ್ಪನ ಕೈ ಬಂದದ ಅಕ್ಕಾ," ಎಂದು ಅವನು ಉತ್ತರ ಬರೆದ. ಎರಡು ದಿನ ಅದೇ ಖುಷಿಯಲ್ಲಿದ್ದೆ.

ನವೆಂಬರ್ ಎಂಟಕ್ಕೆ ಗುದ್ದಲಿ ತೆಗೆದುಕೊಂಡು ಹೋಗಿ ತಗ್ಗು ತೋಡಿದೆ. ಆಗ ಹೊಳೆಯಿತು. ತಗ್ಗಿಗೆ ಇಳಿಸಲು ಬಗ್ಗುವ ಕಡ್ಡಿಯೇ ಇಲ್ಲ. ಬಗ್ಗುವುದನ್ನೆಲ್ಲ ನಾನೇ ಕತ್ತರಿಸಿ ಕಸಕ್ಕೆ ಹಾಕಿದ್ದೆ. ಉಳಿದದ್ದು ನನ್ನ ತೋಳಿನಷ್ಟು ದಪ್ಪದ ಬೊಡ್ಡೆ, ಅದರ ಮೇಲೆ ಗೇಣುದ್ದದ ಮೋಟು. ಬೊಡ್ಡೆಗೆ ಹೆಗಲು ಕೊಟ್ಟು ನೂಕಿದೆ. ಎಲ್ಲಿಯದು! ಚರಕ್ ಎಂದ ಸದ್ದಿಗೆ ಹೆದರಿ ಕೈಬಿಟ್ಟೆ. ಊರಿಂದ ತಂದ ಎರಡು ಕೌದಿ, ಮೂರು ಹಳೆಯ ಕಂಬಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು ಬಂದೆ.

ಹತ್ತನೆಯ ತಾರೀಖು ಆಕೆಯ ಫೋನು. "ನಾಳೆ ಮಾರ್ಟಿನನ ಹಬ್ಬ. ಮಲಗಿಸಿಯಲ್ಲ?"

"ಮಲಗಿಸೀನ್ರಿ ಆಂಟಿ."

"ಮಣ್ಣ ಗೇಣ ಎತ್ತರ ಹಾಕಿಯಲ್ಲ?"

"ಹಾಕೀನ್ರಿ. ನೀವು ಆರಾಮ್ ಇರ್ರಿ."

ಅಷ್ಟೇ. ಎರಡು ಮಾತು. ಆಗ ನಿಜ ಹೇಳಿದ್ದರೆ ಬೈದಾದರೂ ದಾರಿ ಹೇಳುತ್ತಿದ್ದಳು. ಬೊಡ್ಡೆಯ ಸುತ್ತ ಆಳೆತ್ತರ ಮಣ್ಣು ಗುಡ್ಡೆ ಹಾಕಿಸುತ್ತಿದ್ದಳು, ಇಲ್ಲ ಇದ್ದ ಕಡ್ಡಿಗಳನ್ನು ಆಗಲೇ ಕತ್ತರಿಸಿ ಒದ್ದೆ ಮರಳಿನಲ್ಲಿ ಬೇಸ್‌ಮೆಂಟ್‌ನಲ್ಲಿ ಇಡಿಸುತ್ತಿದ್ದಳು. ಇವೆಲ್ಲ ನನಗೂ ಗೊತ್ತಿದ್ದದ್ದೇ. ಆದರೆ ಈಗ ಅದನ್ನು ಮಾಡಿದರೆ ಬಳ್ಳಿ ಮಲಗಿಸಿಲ್ಲವೆಂದು ಒಪ್ಪಿದಂತಾಗುತ್ತಿತ್ತು. ದ್ರಾಕ್ಷಿಯ ಮನೆತನದವಳು ನಾನು, ತಪ್ಪು ಮಾಡಿದೆನೆಂದು ಹೇಳಲು ನನ್ನ ನಾಲಗೆ ಏಳಲಿಲ್ಲ.

ಜನವರಿ ಮೂವತ್ತರ ಚಳಿ ಶಿಕಾಗೋ ಸುತ್ತಲಿನ ಯಾರಿಗೂ ಮರೆತಿರಲಿಕ್ಕಿಲ್ಲ. ಶಾಲೆ, ಅಂಗಡಿ, ಅಂಚೆ ಎಲ್ಲ ಬಂದ್. ಮೈನಸ್ ಇಪ್ಪತ್ತಮೂರು ಡಿಗ್ರಿ ಫ್ಯಾರನ್‌ಹೀಟ್. ಮಗಳು ಇಳಾ ಕುದಿಯುವ ನೀರನ್ನು ಹಿತ್ತಿಲಲ್ಲಿ ಎರಚಿ, ಅದು ಗಾಳಿಯಲ್ಲೇ ಹೊಗೆಯಾಗುವುದನ್ನು ನೋಡಿ ಕುಣಿಯುತ್ತಿದ್ದಳು. ನಾನು ಕಿಟಕಿಯಿಂದ ಕೌದಿಯ ಗಂಟನ್ನೇ ನೋಡುತ್ತಿದ್ದೆ. ಗಾಳಿಗೆ ಪ್ಲಾಸ್ಟಿಕ್ ಹರಿದು ಪಟಪಟ ಹೊಡೆದುಕೊಳ್ಳುತ್ತಿತ್ತು.

ಫೆಬ್ರವರಿ ಆರಕ್ಕೆ ಕರ್ಟ್ ಆಕೆಯನ್ನು ತಂದು ಬಿಟ್ಟು ಹೋದ. ಮರುದಿನ ಮಧ್ಯಾಹ್ನವೇ ವಾಕರ್ ಹಿಡಿದುಕೊಂಡು, ಜೇಬಿನಲ್ಲಿ ಚಾಕು ಇಟ್ಟುಕೊಂಡು ಗ್ಯಾರೇಜಿನ ಹಿಂದೆ ಬಂದಳು. ನಾನು ಹಿಮ ಸರಿಸಿ ದಾರಿ ಮಾಡಿ ಕೊಟ್ಟಿದ್ದೆ. ಕೌದಿಯ ಗಂಟು ಕಂಡು ನಿಂತಳು. ನಾನು ಬಿಚ್ಚಿದೆ. ಮೊದಲ ಕಡ್ಡಿಯನ್ನು ಕತ್ತರಿಸಿ ತುದಿ ನೋಡಿದಳು. ಹಸಿರಿರಬೇಕಾದಲ್ಲಿ ಕಂದು. ಇನ್ನೂ ಕೆಳಗೆ ಕತ್ತರಿಸಿದಳು, ಕಂದು. ಎರಡನೆಯದು, ಮೂರನೆಯದು. ಎಂಟೂ ನೋಡಿದಳು. ಕೊನೆಗೆ ಬೊಡ್ಡೆಯ ತೊಗಟೆಯನ್ನೇ ಚಾಕುವಿನಿಂದ ಕೆರೆದಳು. ಒಳಗೆಲ್ಲ ಒಣಗಿದ ತಂಬಾಕಿನ ಬಣ್ಣ.

"ಯಾವಾಗ ಕತ್ತರಿಸಿದಿ?"

"ಅಕ್ಟೋಬರ್‌ದಾಗ್ರಿ."

"ಮಲಗಿಸೀನಿ ಅಂದಿ."

"ಸುಳ್ಳ ಹೇಳಿದೆ ಆಂಟಿ. ಬಗ್ಗಲಿಲ್ಲ. ನಿಮಗ ಹ್ಯಾಂಗ್ ಹೇಳ್ಲಿ ಅಂತ ತಿಳೀಲಿಲ್ಲ. ನನ್ನ ಹೊಡದಬಿಡ್ರಿ, ಬೈರಿ..."

"ಮನಿಗೆ ಹೋಗು ನೀಲಾ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾಲ್ಕು ದಿನ ಆಕೆಯ ಪರದೆ ಸರಿಯಲಿಲ್ಲ. ನನಗೆ ಅನ್ನ ಸೇರಲಿಲ್ಲ, ಒಲೆಯ ಮುಂದೆ ನಿಂತು ಬಿಕ್ಕುತ್ತಿದ್ದೆ. ಐದನೆಯ ದಿನ ಆಕೆಯೇ ಕರೆದಳು. ಮೇಜಿನ ಮೇಲೆ ಅಂಟಿಸಿದ ಲಕೋಟೆ ಇತ್ತು.

"ಊರಿಗೆ ಬರದೀನಿ. ಮಲಗಿಸೂದ ಮರತೆ ಅಂತ."

"ಅಯ್ಯ, ಯಾಕ್ರಿ? ನೀಲಾ ಮಾಡಿದ್ಲು ಅಂತ ಬರೀರಿ. ನನಗ ಅವರು ಯಾರೂ ಗೊತ್ತಿಲ್ಲ, ಬೈಲಿ!"

"ಬಳ್ಳಿ ನಂದು. ಜವಾಬೂ ನಂದ," ಎಂದಳು. ಮುಖ ಕಲ್ಲಿನಂತಿತ್ತು. ಆಮೇಲೆ ಸ್ವಲ್ಪ ಮೆತ್ತಗಾಗಿ, "ನೀ ಬೇಕಂತ ಮಾಡಿಲ್ಲ," ಎಂದಳು.

ನಾಚಿಕೆ ಬಿಟ್ಟು ಬರೆಯುತ್ತೇನೆ: ಆ ಕ್ಷಣ ನನಗೆ ಹಾಯೆನಿಸಿತು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮಾರ್ಚ್‌ನಲ್ಲಿ ಕರ್ಟ್ ಬಂದ. ಆಕೆ ಮಗನಿಗೂ ಅದೇ ಕಥೆ ಹೇಳಿದ್ದಳು. ಅವನು ಬೇಲಿ ಹತ್ತಿರ ಬಂದು ಟೋಪಿ ತೆಗೆದು ನಿಂತ. ಒಳ್ಳೆಯ ಮನುಷ್ಯ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ನಲವತ್ತೇಳು ವರ್ಷ ಅಮ್ಮ ಒಂದು ಸಲವೂ ಬಳ್ಳಿ ಮಲಗಿಸುವುದನ್ನು ಮರೆತವಳಲ್ಲ. ನಮ್ಮಪ್ಪ ಸತ್ತ ವಾರವೂ ಮರೆತಿರಲಿಲ್ಲ. ಈ ವರ್ಷ ನಮ್ಮ ಮನೆಯಲ್ಲಿದ್ದಾಗ ನಿಮಗೆ ಫೋನ್ ಮಾಡಿ ಹೇಳುವುದೂ ಮರೆತುಹೋಯಿತಂತೆ. ಡಾಕ್ಟರ್ ಇಂಥ ಬದಲಾವಣೆ ಏನಾದರೂ ಕಂಡಿದೆಯೇ ಎಂದು ಕೇಳುತ್ತಿದ್ದರು. ನೀವು ದಿನಾ ನೋಡುವವರು. ಮರೆವು ಇದೆಯೆ?" ಎಂದ.

ಬಾಯಿ ತೆರೆದೆ. ಆಕೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. "ವಯಸ್ಸಾಯಿತಲ್ಲ," ಎಂದೆ.

ವಯಸ್ಸಾಯಿತಲ್ಲ! ಆ ಒಂದು ಮಾತಿಗೆ ನನ್ನ ಬಾಯಿಗೆ ಏನಾದರೂ ಬಡಿಯಬಾರದಿತ್ತೆ? ಹತ್ತು ದಿನ ಹಾಸಿಗೆಯಲ್ಲಿ ಹೊರಳಾಡಿ, ಕೊನೆಗೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರ್ಟ್‌ಗೆ ಫೋನ್ ಮಾಡಿದೆ. ಅಕ್ಟೋಬರ್, ಕಸದ ಲಾರಿ, ಕೌದಿ, ಸುಳ್ಳು, ಎಲ್ಲ ಹೇಳಿದೆ. ಅವನು ಸಾವಧಾನವಾಗಿ ಕೇಳಿಸಿಕೊಂಡ. "ನೀವು ಅವಳನ್ನು ಎಷ್ಟು ಪ್ರೀತಿಸುತ್ತೀರೆಂದು ನನಗೆ ಗೊತ್ತು ನೀಲಾ. ಅವಳ ತಪ್ಪು ನಿಮ್ಮ ಮೇಲೆ ಎಳೆದುಕೊಳ್ಳಬೇಡಿ," ಎಂದ. ಲಿವೋನಿಯಾದಲ್ಲಿ, ಮರೆವಿನವರನ್ನು ನೋಡಿಕೊಳ್ಳುವ ಕಡೆ ಕೋಣೆ ಗೊತ್ತಾಗಿತ್ತು. ಮನೆಯ ಮುಂದೆ ಮಾರಾಟದ ಫಲಕ ನಿಂತಿತು. ಇರ್ಮಾ ಆಂಟಿ ವಾದಿಸಲಿಲ್ಲ. "ಒಬ್ಬಾಕಿನ ಬಚ್ಚಲದಾಗ ಬಿದ್ದ ಸಾಯಬಾರದಂತ," ಎಂದಷ್ಟೇ ನನಗೆ ಹೇಳಿದಳು. ಆ ಬಳ್ಳಿಯ ಸಲುವಾಗಿ ಫೆಬ್ರವರಿಗೆ ಮನೆಗೆ ಬರಲೇಬೇಕೆಂದು ಹಟ ಹಿಡಿದಿದ್ದವಳಿಗೆ ಹಟ ಹಿಡಿಯಲು ಇನ್ನೇನೂ ಉಳಿದಿರಲಿಲ್ಲ.

ಮೇ ತಿಂಗಳು, ಆಕೆ ಹೊರಡುವ ಹಿಂದಿನ ದಿನ, ಇಳಾ "ಇಟ್ಸ್ ಅಲೈವ್! ಅಮ್ಮಾ, ಇಟ್ಸ್ ಅಲೈವ್!" ಎಂದು ಕಿರುಚುತ್ತ ಬಂದಳು. ಬಳ್ಳಿಯ ಬುಡದಲ್ಲಿ ಮೂರು ಚಿಗುರು. ಓಡಿದೆ. ಹತ್ತಿರ ಹೋಗುವ ಮೊದಲೇ ನಿಂತುಬಿಟ್ಟೆ. ಚಿಗುರು ಬಂದದ್ದು ಕಸಿಯ ಗಂಟಿನ ಕೆಳಗೆ. ಅದು ನದಿ ದಂಡೆಯ ಕಾಡುದ್ರಾಕ್ಷಿ. ಸಣ್ಣಾಕಿಯ ಎಲೆ ದುಂಡಗೆ, ಹಿಂಬದಿಗೆ ನವಿರು ತುಪ್ಪಳ. ಇದು ಹೊಳೆಯುವ ಮೊನಚು ಎಲೆ. ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುತ್ತದೆ.

ಇರ್ಮಾ ಆಂಟಿ ಇಳಾಳ ಹೆಗಲು ಹಿಡಿದು ಬಗ್ಗಿದಳು. ಎಲೆಯನ್ನು ಬೆರಳಲ್ಲಿ ಹಿಡಿದಳು. ಹಿಂಬದಿ ಸವರಿದಳು. "ನೋಡು ನೀಲಾ," ಎಂದಳು, "ಸಣ್ಣಾಕಿ ಬಂದ್ಲು."

ಸುಮ್ಮನೆ ಮಗುವನ್ನು ಸಂತೋಷಪಡಿಸಲು ಹೇಳುತ್ತಿದ್ದಾಳೆಂದು ಆಕೆಯ ಮುಖ ನೋಡಿದೆ. ಇಲ್ಲ. ನಿಜವಾಗಿಯೂ ನಂಬಿದ್ದಳು.

ಲಿವೋನಿಯಾಕ್ಕೆ ಅರೋರಾದಿಂದ ಇನ್ನೂರೆಂಬತ್ತು ಮೈಲಿ. ಒಂಬತ್ತು ತಿಂಗಳಲ್ಲಿ ಏಳು ಸಲ ಹೋದೆ. ಹೋಗುವ ಹೆದ್ದಾರಿಯ ಬದಿಗೆ, ಮಿಷಿಗನ್‌ನಲ್ಲಿ, ಮೈಲಿಗಟ್ಟಲೆ ದ್ರಾಕ್ಷಿ ತೋಟ ಬರುತ್ತದೆ. ಅಲ್ಲಿ ನಾನು ಎದುರಿನ ರಸ್ತೆಯನ್ನಷ್ಟೇ ನೋಡಿ ಡ್ರೈವ್ ಮಾಡುತ್ತಿದ್ದೆ. ಕೊನೆಯ ಸಲ ಹೋದದ್ದು 2020ರ ಫೆಬ್ರವರಿಯಲ್ಲಿ. ಮುಂದಿನ ತಿಂಗಳು ಕೋವಿಡ್ ಬಂದು ಅಂಥ ಮನೆಗಳ ಬಾಗಿಲೆಲ್ಲ ಮುಚ್ಚಿದವು. ಮರುವರ್ಷ ಆಕೆ ಹೋದಾಗ ಸುದ್ದಿ ಫೋನಿನಲ್ಲಿ ಬಂತು.

ಆ ಕೊನೆಯ ಸಲ ಆಕೆ ಕಿಟಕಿಯ ಪಕ್ಕ ಕುಳಿತಿದ್ದಳು. ತೂಕ ಇಳಿದಿತ್ತು. ನಾನು ಯಾರೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ತಿಳಿದ ಮೇಲೆ ಪ್ರತಿ ಸಲದಂತೆ ಅದೇ ಶುರುವಾಯಿತು. "ಊರವರು ಕಡ್ಡಿ ಕೇಳಿದ್ರು ನೀಲಾ. ನಾ ಮಲಗಿಸೂದ ಮರತಬಿಟ್ಟೆ. ಹ್ಯಾಂಗ ಮರತೆ? ಅಪ್ಪನ ಒಡ್ಡ ಖಾಲಿ ಉಳೀತು." ಕೆನ್ನೆಯ ಮೇಲೆ ನೀರು ಸುಮ್ಮನೆ ಇಳಿಯುತ್ತಿತ್ತು. ನನಗಾಗಿ ಹೇಳಿದ ಸುಳ್ಳನ್ನು ಆಕೆಯ ತಲೆ ನಿಜವೆಂದು ಹಿಡಿದುಕೊಂಡಿತ್ತು. ಬೇರೆಲ್ಲ ಬಿಟ್ಟುಕೊಟ್ಟು ಅದೊಂದನ್ನೇ ಹಿಡಿದುಕೊಂಡಿತ್ತು.

"ನೀವು ಮರತಿಲ್ಲ ಆಂಟಿ. ನಾ ಕತ್ತರಿಸಿದ್ದು. ಅಕ್ಟೋಬರ್‌ದಾಗ. ನನ್ನ ಈ ಕೈಲೆ."

ಆಕೆ ಕೇಳಿಸಿಕೊಳ್ಳಲಿಲ್ಲ. ಊರಿಗೆ ಕ್ಷಮಾಪಣೆ ಬರೆಯಬೇಕು, ಬರೆದುಕೊಡು ಎಂದಳು. ಮೊದಲೂ ಹಲವು ಸಲ ಕೇಳಿದ್ದಳು, ಏನೋ ಹೇಳಿ ಮಾತು ಮರೆಸಿದ್ದೆ. ಈ ಸಲ ಕಾಗದ ತೆಗೆದುಕೊಂಡು ಕುಳಿತೆ. ಅಂತೂ ಒಂದು ಕಡೆಯಾದರೂ ನಿಜ ಇರಲಿ ಎಂದು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ: 'ಬಳ್ಳಿಯನ್ನು ಅಕ್ಟೋಬರ್‌ನಲ್ಲಿ ಕತ್ತರಿಸಿದವಳು, ಚಳಿಗೆ ಮಲಗಿಸದೆ ಬಿಟ್ಟವಳು ಪಕ್ಕದ ಮನೆಯ ನೀಲಾಂಬಿಕಾ. ಇರ್ಮಾ ಏನನ್ನೂ ಮರೆತಿರಲಿಲ್ಲ.' ಸಹಿಗೆಂದು ಆಕೆಯ ಮುಂದಿಟ್ಟೆ.

ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದೇ ಪದ ಓದಿದಳು. ಬಹಳ ಹೊತ್ತು ಹಿಡಿಯಿತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, 'ಪಕ್ಕದ ಮನೆಯ ನೀಲಾಂಬಿಕಾ' ಎಂಬುದರ ಮೇಲೆ ಎರಡು ಗೆರೆ ಎಳೆದು, ಅಲ್ಲಿ 'ಇರ್ಮಾ' ಎಂದು ಬರೆದಳು. ಕೊನೆಯ ಸಾಲನ್ನು ಪೂರ್ತಿ ಹೊಡೆದು ಹಾಕಿದಳು. ಕೆಳಗೆ ಸಹಿ ಮಾಡಿದಳು.

"ನೀ ಛಲೋ ಹೆಣ್ಣಮಗಳು," ಎಂದು ನನ್ನ ಕೆನ್ನೆ ಸವರಿದಳು. "ಆದ್ರ ಸುಳ್ಳ ಬರೀಬಾರ್ದು."

ಲಕೋಟೆಗೆ ಹಾಕಿ, ವಿಳಾಸ ಬರೆದು, ಹೋಗುವ ದಾರಿಯಲ್ಲಿ ಅಂಚೆಗೆ ಹಾಕೆಂದು ಕೊಟ್ಟಳು. ಹಾಕಿದೆ.